ಕಾರಿನ ರೇಡಿಯೋ, ಡ್ಯಾಶ್‌ಬೋರ್ಡ್ ಡಿಸ್‌ಪ್ಲೇ: ದುರ್ಗ–ದಾವಣಗೆರೆ ಓದುಗರಿಗೆ ಹಂತ ಹಂತವಾಗಿ

ಹೊಸ ಕಾರು ತಗೊಂಡವರು, ಹಳೇ ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. “ಆಟೋ ಸ್ಟೋರ್ ಒತ್ತಿದೆ, ಆರು ಸ್ಟೇಷನ್ ಕೂತ್ಕೊಂಡವು, ಆರರಲ್ಲೂ ಬರೀ ಗೊರಗೊರ. ಸೆಟ್ ಕೆಟ್ಟಿದೆಯಾ?”

ಬಹಳಷ್ಟು ಸಲ ಸೆಟ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಏನೆಂದರೆ, ನಾವು ನೋಡುವ ವಿಡಿಯೋಗಳೆಲ್ಲ ದೊಡ್ಡ ನಗರಗಳವರು ಮಾಡಿದವು. ಬೆಂಗಳೂರಿನಲ್ಲಿ ಎಫ್‌ಎಂ ಸ್ಟೇಷನ್‌ಗಳು ಸಾಲಾಗಿ ನಿಂತಿವೆ. ಅಲ್ಲಿ ಆಟೋ ಸ್ಟೋರ್ ಎಂಬ ಒಂದು ಬಟನ್ ಒತ್ತಿದರೆ ಸಾಕು, ಎಲ್ಲ ತಾನಾಗಿ ತುಂಬಿಕೊಳ್ಳುತ್ತದೆ. ನಮ್ಮ ಕಡೆ ಅಷ್ಟು ಸ್ಟೇಷನ್ ಇಲ್ಲ. ಮುಖ್ಯವಾದದ್ದು ಆಕಾಶವಾಣಿ ಚಿತ್ರದುರ್ಗ, 102.6. ಉಳಿದವು ಬಹುತೇಕ ದೂರದವು. ಹಾಗಾಗಿ ಸೆಟ್ಟಿಗೆ ಬಿಟ್ಟುಬಿಟ್ಟರೆ ಅದು ಸಿಕ್ಕ ಸಿಕ್ಕ ಸದ್ದನ್ನೆಲ್ಲ ಸ್ಟೇಷನ್ ಅಂದುಕೊಳ್ಳುತ್ತದೆ. ಇಲ್ಲಿ ಕೈಯಾರೆ ಸೆಟ್ ಮಾಡುವುದೇ ದಾರಿ. ಒಮ್ಮೆ ಮಾಡಿಟ್ಟರೆ ಮತ್ತೆ ಮುಟ್ಟುವ ಕೆಲಸವಿಲ್ಲ.

ಸ್ಟೀರಿಂಗ್ ಹಿಂದಿನ ಡಿಸ್‌ಪ್ಲೇ ಬಗ್ಗೆಯೂ ಅಷ್ಟೇ ಪ್ರಶ್ನೆಗಳು ಬರುತ್ತವೆ. ಅದನ್ನೂ ಇಲ್ಲೇ ಸೇರಿಸಿದ್ದೇನೆ.

ಶುರು ಮಾಡುವ ಮೊದಲು

ಕಾರಿನ ಜೊತೆ ಕೊಟ್ಟ ಮ್ಯಾನುಯಲ್ ಪುಸ್ತಕ, ಒಂದು ಪೆನ್ನು, ಚೀಟಿ, ನಿಮ್ಮ ಮೊಬೈಲ್ ಮತ್ತು ಅದರ ಒರಿಜಿನಲ್ ಕೇಬಲ್ ಇಟ್ಟುಕೊಳ್ಳಿ. ಪುಸ್ತಕ ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಸಾಮಾನ್ಯವಾಗಿ ಪಿಡಿಎಫ್ ಸಿಗುತ್ತದೆ. ನಿಮ್ಮ ಮಾಡೆಲ್ ಮತ್ತು ವರ್ಷದ್ದನ್ನೇ ಇಳಿಸಿಕೊಳ್ಳಿ.

ಕಾರನ್ನು ಬಯಲಲ್ಲಿ ನಿಲ್ಲಿಸಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆ, ತಗಡಿನ ಶೆಡ್, ದುರ್ಗದ ಕೋಟೆಗುಡ್ಡಕ್ಕೆ ಅಂಟಿಕೊಂಡ ಗಲ್ಲಿ, ಇವು ಯಾವುವೂ ಬೇಡ. ದಾವಣಗೆರೆಯವರಾದರೆ ಕುಂದವಾಡ ಕೆರೆ ಕಡೆ ಹೋಗಿ ನಿಲ್ಲಿಸಿಕೊಂಡರೂ ಆಯಿತು.

ಕೀ ಅರ್ಧ ತಿರುಗಿಸಿದರೆ ಎಂಜಿನ್ ಶುರುವಾಗದೆ ರೇಡಿಯೋ ಮಾತ್ರ ಆನ್ ಆಗುತ್ತದೆ. ಬಟನ್ ಸ್ಟಾರ್ಟ್ ಇದ್ದರೆ ಬ್ರೇಕ್ (ಮ್ಯಾನುಯಲ್ ಗೇರ್ ಆದರೆ ಕ್ಲಚ್) ತುಳಿಯದೆ ಬಟನ್ ಒತ್ತಿ. ಹೀಗೆ ತುಂಬಾ ಹೊತ್ತು ಕೂತರೆ ಬ್ಯಾಟರಿ ಇಳಿಯುತ್ತದೆ. ನಡುವೆ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಎಂಜಿನ್ ಓಡಿಸುತ್ತಾ ಕೂರಬೇಡಿ, ಆ ಹೊಗೆ ಪ್ರಾಣ ತೆಗೆಯುತ್ತದೆ.

ಹಂತ 1: ಯಾವ ಡಿಸ್‌ಪ್ಲೇ ಯಾವ ಕೆಲಸಕ್ಕೆ

ಕಾರಿನಲ್ಲಿ ಎರಡು ಡಿಸ್‌ಪ್ಲೇ ಇರುತ್ತವೆ. ಸ್ಟೀರಿಂಗ್ ಹಿಂದೆ ಸ್ಪೀಡ್, ಡೀಸೆಲ್ ಮುಳ್ಳು ತೋರಿಸುವುದು ಕ್ಲಸ್ಟರ್, ಅಂದರೆ ಮೀಟರ್ ಬೋರ್ಡ್. ಅದರೊಳಗಿನ ಚಿಕ್ಕ ಚೌಕಕ್ಕೆ ಎಂಐಡಿ ಎನ್ನುತ್ತಾರೆ. ಮೈಲೇಜು, ಟ್ರಿಪ್, ಎಚ್ಚರಿಕೆಗಳೆಲ್ಲ ಅಲ್ಲಿ ಬರುತ್ತವೆ. ಮಧ್ಯದಲ್ಲಿರುವುದು ಸ್ಟೀರಿಯೋ ಅಥವಾ ಟಚ್ ಸ್ಕ್ರೀನ್. ರೇಡಿಯೋ, ಫೋನ್, ಮ್ಯಾಪ್ ಅದರ ಕೆಲಸ.

ಬಹಳಷ್ಟು ಕಾರುಗಳಲ್ಲಿ ಇವೆರಡರ ಸೆಟ್ಟಿಂಗ್ ಬೇರೆ ಬೇರೆ. ಟಚ್ ಸ್ಕ್ರೀನಿನಲ್ಲಿ ಗಡಿಯಾರ ಸರಿ ಮಾಡಿದರೂ ಮೀಟರ್ ಬೋರ್ಡಿನಲ್ಲಿ ಹಳೇ ಟೈಮೇ ಉಳಿದರೆ ಗಾಬರಿ ಬೇಡ, ಅಲ್ಲಿ ಇನ್ನೊಂದು ಸಲ ಮಾಡಬೇಕು.

ಹಂತ 2: ಏರಿಯಾ ಸೆಟ್ಟಿಂಗ್ ನೋಡಿ

ಇದನ್ನು ಯಾರೂ ನೋಡುವುದಿಲ್ಲ. ಹೊರಗಡೆ ಕೊಂಡ ಸ್ಟೀರಿಯೋಗಳಲ್ಲಿ, ಅದರಲ್ಲೂ ಆಂಡ್ರಾಯ್ಡ್ ಸೆಟ್‌ಗಳಲ್ಲಿ, ಅರ್ಧ ದೂರುಗಳ ಬೇರು ಇಲ್ಲೇ ಇರುತ್ತದೆ.

ಭಾರತದಲ್ಲಿ ಎಫ್‌ಎಂ 87.5ರಿಂದ 108 ಮೆಗಾಹರ್ಟ್ಸ್ ತನಕ. ಸೆಟ್ 0.1ರಂತೆ ಮುಂದೆ ಹೋಗಬೇಕು: 102.5, 102.6, 102.7, ಹೀಗೆ. ಅಮೆರಿಕದ ಪದ್ಧತಿಯಲ್ಲಿ 0.2ರಂತೆ ಹಾರುತ್ತದೆ, ಚುಕ್ಕೆಯ ನಂತರ ಬೆಸ ಸಂಖ್ಯೆಗಳು ಮಾತ್ರ ಬರುತ್ತವೆ. ನಿಮ್ಮ ಸೆಟ್ ಅಮೆರಿಕದ ಏರಿಯಾದಲ್ಲಿದ್ದರೆ 102.5 ಆದ ಮೇಲೆ ನೇರ 102.7. ನಡುವಿನ 102.6 ಅದಕ್ಕೆ ಇಲ್ಲವೇ ಇಲ್ಲ!

ಒಂದು ಗಮ್ಮತ್ತು ನೋಡಿ. ಬೆಂಗಳೂರಿನ 91.1, 98.3, 101.3, 102.9, ಎಲ್ಲದರಲ್ಲೂ ಚುಕ್ಕೆಯ ನಂತರ ಬೆಸ ಸಂಖ್ಯೆ. ಅದಕ್ಕೇ ಅಲ್ಲಿ ಸೆಟ್ ಹಾಕಿಸಿದಾಗ ಈ ಸ್ಟೇಷನ್‌ಗಳು ಚೆನ್ನಾಗಿ ಬಂದಿರುತ್ತವೆ. ಅಂಗಡಿಯವರೂ ಚೆಕ್ ಮಾಡಿಯೇ ಕೊಟ್ಟಿರುತ್ತಾರೆ. ಊರಿಗೆ ಬಂದ ಮೇಲೆ ದುರ್ಗ ಮಾತ್ರ ಸಿಗುವುದಿಲ್ಲ, ಅಥವಾ 102.7ರಲ್ಲಿ ಒಡೆದ ದನಿಯಲ್ಲಿ ಕೇಳುತ್ತದೆ. “ಬೆಂಗಳೂರಲ್ಲಿ ಬರ್ತಿತ್ತು, ಇಲ್ಲಿ ಬರಲ್ಲ” ಎನ್ನುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಪರೀಕ್ಷೆ ಸುಲಭ. ಟ್ಯೂನ್ ಗುಂಡಿಯನ್ನು ಒಂದೊಂದೇ ಹೆಜ್ಜೆ ತಿರುಗಿಸಿ. ಸಮ ಸಂಖ್ಯೆ ಬರುತ್ತಿಲ್ಲವೆಂದರೆ ರೇಡಿಯೋ ಸೆಟ್ಟಿಂಗ್‌ಗೆ ಹೋಗಿ ‘ಏರಿಯಾ’ ಅಥವಾ ‘ರೀಜನ್’ ಹುಡುಕಿ. ಇಂಡಿಯಾ ಇದ್ದರೆ ಅದು, ಇಲ್ಲವಾದರೆ ಏಷ್ಯಾ ಅಥವಾ ಯೂರೋಪ್ ಆರಿಸಿ, ಮತ್ತೆ ಹೆಜ್ಜೆ ಪರೀಕ್ಷಿಸಿ. ಸಂಖ್ಯೆ 90ರ ಆಸುಪಾಸಿನಲ್ಲೇ ಮುಗಿದುಹೋಗುತ್ತಿದ್ದರೆ ಸೆಟ್ ಜಪಾನ್ ಏರಿಯಾದಲ್ಲಿದೆ. ಅಲ್ಲಿ ಎಫ್‌ಎಂ ಶುರುವಾಗುವುದೇ 76ರಿಂದ. ಜಪಾನಿನಿಂದ ಬಂದ ಹಳೇ ಸೆಟ್‌ಗಳಲ್ಲಿ ಏರಿಯಾ ಬದಲಿಸುವ ಅವಕಾಶವೇ ಇರದಿರಬಹುದು. ಅಗ್ಗ ಅಂತ ತಗೊಳ್ಳುವ ಮೊದಲು ಅಂಗಡಿಯಲ್ಲೇ 102.6ಕ್ಕೆ ಇಡಿಸಿ ನೋಡಿ.

ಏರಿಯಾ ಬದಲಿಸಿದರೆ ಹಿಂದೆ ಉಳಿಸಿದ್ದ ಸ್ಟೇಷನ್‌ಗಳು ಅಳಿಸಿಹೋಗುತ್ತವೆ. ಆದ್ದರಿಂದ ಇದು ಮೊದಲ ಕೆಲಸ.

ಹಂತ 3: ಸ್ಟೇಷನ್‌ಗಳನ್ನು ಕೈಯಾರೆ ಕೂರಿಸಿ

ಸೀಕ್ ಬೇರೆ, ಟ್ಯೂನ್ ಬೇರೆ. ಸೀಕ್ ಅಂದರೆ ಸೆಟ್ ತಾನೇ ಹುಡುಕಿಕೊಂಡು ಮುಂದಿನ ಸ್ಟೇಷನ್‌ಗೆ ಹೋಗಿ ನಿಲ್ಲುವುದು. ಟ್ಯೂನ್ ಅಂದರೆ ನೀವು ಒಂದೊಂದೇ ಹೆಜ್ಜೆ ಸರಿಸುವುದು. ಕೆಲವು ಸೆಟ್‌ಗಳಲ್ಲಿ ಒಂದೇ ಬಟನ್‌ಗೆ ಎರಡೂ ಕೆಲಸ. ಮೆಲ್ಲಗೆ ಒತ್ತಿದರೆ ಒಂದು, ಒತ್ತಿ ಹಿಡಿದರೆ ಇನ್ನೊಂದು.

ಎಫ್‌ಎಂ ಆರಿಸಿ, ಟ್ಯೂನ್ ಮಾಡುತ್ತಾ 102.6ಕ್ಕೆ ಬನ್ನಿ. ಸ್ಕ್ರೀನಿನ 1ನೇ ಖಾನೆ ಅಥವಾ 1ನೇ ಬಟನನ್ನು ಬೀಪ್ ಬರುವವರೆಗೆ ಒತ್ತಿ ಹಿಡಿಯಿರಿ. ಇದಕ್ಕೆ ಪ್ರಿಸೆಟ್ ಎನ್ನುತ್ತಾರೆ. ಸುಮ್ನೆ ತಟ್ಟಿ ಬಿಟ್ಟರೆ ಉಳಿಯುವುದಿಲ್ಲ, ಅದು ಈಗಾಗಲೇ ಅಲ್ಲಿದ್ದ ಸ್ಟೇಷನ್‌ಗೆ ಹೋಗಿಬಿಡುತ್ತದೆ. ಎಷ್ಟೋ ಜನ ಎಡವುವುದು ಇಲ್ಲಿ.

ಉಳಿದ ಪ್ರಿಸೆಟ್‌ಗಳನ್ನು ನೀವು ಹೋಗುವ ದಾರಿ ನೋಡಿ ತುಂಬಿ. ಚನ್ನಗಿರಿ, ಹೊನ್ನಾಳಿ, ಶಿವಮೊಗ್ಗ ಕಡೆ ಓಡಾಟವಿದ್ದರೆ ಭದ್ರಾವತಿಯ 103.5. ಹೊಸಪೇಟೆ ಕಡೆಗೆ 100.5. ಹಾಸನದ ಕಡೆಗೆ 102.2. ಬೆಂಗಳೂರಿಗೆ ಹೋಗುವವರಿಗೆ ಆಕಾಶವಾಣಿಯ ರೇನ್‌ಬೋ 101.3 ಮತ್ತು ವಿವಿಧ ಭಾರತಿ 102.9. ಊರಲ್ಲಿ ಕೂತು ಇಡುವಾಗ ದೂರದವುಗಳಲ್ಲಿ ಗೊರಗೊರ ಬಿಟ್ಟು ಬೇರೇನೂ ಕೇಳುವುದಿಲ್ಲ. ಪರವಾಗಿಲ್ಲ, ನಂಬರ್ ಸರಿಯಿದ್ದರೆ ಸಾಕು. ಹತ್ತಿರ ಹೋದಾಗ ತಾನೇ ಬರುತ್ತದೆ.

ಈಗ ಮುಖ್ಯ ಎಚ್ಚರಿಕೆ. ಇಷ್ಟೆಲ್ಲ ಮಾಡಿದ ಮೇಲೆ ಆಟೋ ಸ್ಟೋರ್ ಒತ್ತಬೇಡಿ. ಎಎಸ್‌ಟಿ, ಬಿಎಸ್‌ಎಂ, ಎಪಿಎಸ್, ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಒತ್ತಿದರೆ ನೀವು ಕೂರಿಸಿದ್ದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವ ಸೆಟ್‌ಗಳೇ ಜಾಸ್ತಿ. ವಾಟರ್ ಸರ್ವೀಸ್ ಹುಡುಗರು ಹಾಡು ಕೇಳಲು ಹೋಗಿ ಇದನ್ನು ಒತ್ತುವುದುಂಟು. ಅದಕ್ಕೇ ಚೀಟಿಯಲ್ಲಿ ಎಲ್ಲ ನಂಬರ್ ಬರೆದು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಡಿ.

ಹಂತ 4: ಲೋಕಲ್, ಟಿಎ, ಎಎಫ್

ಈ ಮೂರು ಹೆಸರುಗಳು ರೇಡಿಯೋ ಮೆನುವಿನಲ್ಲಿ ಇರುತ್ತವೆ, ಏನು ಅಂತ ಯಾರೂ ಹೇಳುವುದಿಲ್ಲ.

ಲೋಕಲ್ ಆನ್ ಇದ್ದರೆ ಸೀಕ್ ಮಾಡುವಾಗ ಸೆಟ್ ಜೋರಾಗಿ ಬರುವ ಸ್ಟೇಷನ್‌ಗಳಲ್ಲಿ ಮಾತ್ರ ನಿಲ್ಲುತ್ತದೆ. ಊರೊಳಗೆ ಇದು ಒಳ್ಳೆಯದು, ಹೆದ್ದಾರಿಯಲ್ಲಿ ಬೇಡ. ಹಿರಿಯೂರು ದಾಟಿದ ಮೇಲೆ ಸೀಕ್ ನಿಲ್ಲದೆ ಸುತ್ತುತ್ತಲೇ ಇದ್ದರೆ ಲೋಕಲ್ ಆಫ್ ಮಾಡಿ. ಕೆಲವು ಸೆಟ್‌ಗಳಲ್ಲಿ ಆಫ್ ಆದಾಗ ‘ಡಿಎಕ್ಸ್’ ಎಂದು ತೋರಿಸುತ್ತದೆ, ದೂರದ್ದನ್ನೂ ಹಿಡಿ ಎಂದು ಅರ್ಥ.

ಟಿಎ ಎಂದರೆ ಟ್ರಾಫಿಕ್ ಸೂಚನೆ. ಯೂರೋಪಿನಲ್ಲಿ ರೇಡಿಯೋ ಸ್ಟೇಷನ್‌ಗಳು ಹಾಡಿನ ನಡುವೆ ರಸ್ತೆ ಸುದ್ದಿ ಹೇಳುವಾಗ ಅದಕ್ಕೆ ಗುರುತು ಕಳಿಸುತ್ತವೆ. ಟಿಎ ಆನ್ ಇದ್ದ ಸೆಟ್ ಆ ಗುರುತು ಹಿಡಿದು ದನಿ ಜೋರು ಮಾಡುತ್ತದೆ. ನಮ್ಮ ಕಡೆ ಆ ಸೌಲಭ್ಯವನ್ನು ನೆಚ್ಚಿಕೊಳ್ಳುವಂತಿಲ್ಲ. ಟಿಎ ಆನ್ ಆಗಿಬಿಟ್ಟರೆ ಕೆಲವು ಸೆಟ್‌ಗಳು ಟ್ರಾಫಿಕ್ ಸ್ಟೇಷನ್ ಹುಡುಕುತ್ತಾ 102.6 ಬಿಟ್ಟು ಓಡುತ್ತವೆ. ಆಫ್ ಮಾಡಿ ಮರೆತುಬಿಡಿ.

ಎಎಫ್ ಎಂದರೆ ಅದೇ ಕಾರ್ಯಕ್ರಮ ಬೇರೆ ನಂಬರಿನಲ್ಲಿ ಚೆನ್ನಾಗಿ ಸಿಕ್ಕರೆ ಸೆಟ್ ತಾನೇ ಅಲ್ಲಿಗೆ ಜಿಗಿಯುವ ವ್ಯವಸ್ಥೆ. ದುರ್ಗ, ದಾವಣಗೆರೆ ನಡುವೆ ಓಡಾಡುವವರಿಗೆ ಇದರಿಂದ ಲಾಭ ಕಡಿಮೆ. ಸ್ಟೇಷನ್ ತಾನಾಗಿ ಬದಲಾಗುತ್ತಿದೆ ಅನ್ನಿಸಿದರೆ ಇದನ್ನೂ ಆಫ್ ಮಾಡಿ.

ಹಂತ 5: ಎಎಂ ಬ್ಯಾಂಡ್ ಮರೆಯಬೇಡಿ

ಎಫ್‌ಎಂ ಅಲೆ ಹೆಚ್ಚೂಕಡಿಮೆ ನೇರ ಸಾಗುತ್ತದೆ. ಗುಡ್ಡ ಅಡ್ಡ ಬಂದರೆ ಅದರ ಮರೆಯಲ್ಲಿ ದನಿ ಕ್ಷೀಣ. ಜೋಗಿಮಟ್ಟಿ ಸಾಲಿನ ಹಿಂದೆ, ಹಳ್ಳದ ರಸ್ತೆಗಳಲ್ಲಿ ಹೀಗಾಗುವುದು ಸೆಟ್ಟಿನ ತಪ್ಪಲ್ಲ. ಎಎಂ, ಅಂದರೆ ಹಿಂದಿನವರು ಮೀಡಿಯಂ ವೇವ್ ಎನ್ನುತ್ತಿದ್ದದ್ದು, ನೆಲ ಹಿಡಿದು ದೂರ ಹೋಗುತ್ತದೆ. ದನಿ ಸ್ಟೀರಿಯೋ ಅಲ್ಲ, ಹಾಡಿಗಿಂತ ವಾರ್ತೆಗೆ, ಕೃಷಿ ಕಾರ್ಯಕ್ರಮಕ್ಕೆ ಸರಿ.

ಇಡಬೇಕಾದ ನಂಬರ್‌ಗಳು: ಭದ್ರಾವತಿ 675, ಧಾರವಾಡ 765, ಬೆಂಗಳೂರು 612 ಕಿಲೋಹರ್ಟ್ಸ್. ಇಲ್ಲೂ ಏರಿಯಾದ ಕಿತಾಪತಿ ಇದೆ. ನಮ್ಮಲ್ಲಿ ಎಎಂ 9ರಂತೆ ಏರುತ್ತದೆ, ಅಮೆರಿಕದಲ್ಲಿ 10ರಂತೆ. ಮೇಲಿನ ಮೂರೂ 9ರ ಮಗ್ಗಿಯಲ್ಲಿ ಬರುತ್ತವೆ. ಸೆಟ್ಟಿನಲ್ಲಿ 610 ಆದ ಮೇಲೆ 620 ಬಂದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ.

ರಾತ್ರಿ ಎಎಂನಲ್ಲಿ ದೂರದ ಭಾಷೆಗಳೆಲ್ಲ ಬಂದು ಕಲಸಿಕೊಳ್ಳುತ್ತವೆ. ಕತ್ತಲಾದ ಮೇಲೆ ಈ ಅಲೆಗಳು ಆಕಾಶದ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ದಾಟಿ ಬೀಳುವುದೇ ಕಾರಣ. ಏನು ಕೇಳುತ್ತೆ ಅನ್ನುವುದನ್ನು ಹಗಲಲ್ಲಿ ಪರೀಕ್ಷಿಸಿ.

ಈಚಿನ ಕೆಲವು ಕಾರುಗಳಲ್ಲಿ ಡಿಆರ್‌ಎಂ ಎಂಬ ಆಯ್ಕೆ ಇರುತ್ತದೆ. ಅದು ಎಎಂ ಅಲೆಯ ಮೇಲೇ ಬರುವ ಡಿಜಿಟಲ್ ರೇಡಿಯೋ. ಸಿಕ್ಕರೆ ದನಿ ಶುದ್ಧ, ಸ್ಟೇಷನ್ ಹೆಸರೂ ಸ್ಕ್ರೀನಿನಲ್ಲಿ ಬರುತ್ತದೆ. ಸಿಗದಿದ್ದರೆ ಗೊರಗೊರವೂ ಇಲ್ಲ, ಪೂರ್ತಿ ಮೌನ. ಇನ್ನು ಕೆಲವು ಎಲೆಕ್ಟ್ರಿಕ್ ಕಾರುಗಳಲ್ಲಿ ಎಎಂ ಕೊಟ್ಟೇ ಇರುವುದಿಲ್ಲ, ಮೋಟರಿನ ವಿದ್ಯುತ್ ಸದ್ದು ಅದರಲ್ಲಿ ಸೇರಿಕೊಳ್ಳುತ್ತದೆ.

ಹಂತ 6: ಇಷ್ಟಾದರೂ ಗೊರಗೊರ ಹೋಗದಿದ್ದರೆ

ಸೆಟ್ ಬಿಚ್ಚಿಸುವ ಮೊದಲು ಈ ಕ್ರಮದಲ್ಲಿ ನೋಡಿ. ಮೊದಲ ಮೂರಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೊದಲು ಚಾರ್ಜರ್ ಕಿತ್ತು ನೋಡಿ. ಸಿಗರೇಟ್ ಸಾಕೆಟ್ಟಿಗೆ ಹಾಕುವ ಅಗ್ಗದ ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್‌ನ ಅಡಾಪ್ಟರ್ ರೇಡಿಯೋಗೆ ದೊಡ್ಡ ಶತ್ರುಗಳು. ಕಿತ್ತ ತಕ್ಷಣ ದನಿ ತಿಳಿಯಾದರೆ ಕಳ್ಳ ಸಿಕ್ಕಿದ ಹಾಗೆ. ಹೊರಗಡೆ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್ ಬಲ್ಬುಗಳೂ ಹೀಗೆ ಮಾಡುತ್ತವೆ. ಲೈಟ್ ಆನ್, ಆಫ್ ಮಾಡಿ ಕೇಳಿ.

ಆಮೇಲೆ ಮಾಡಿನ ಮೇಲಿನ ಆಂಟೆನಾ ಕಡ್ಡಿ. ವಾಟರ್ ಸರ್ವೀಸ್‌ನಲ್ಲಿ ಬಿಚ್ಚಿ, ಅರ್ಧಂಬರ್ಧ ತಿರುಗಿಸಿ ಕಳಿಸಿರುತ್ತಾರೆ. ಕೈಯಲ್ಲಿ ಬಿಗಿ ಮಾಡಿ. ಕಡ್ಡಿಯೇ ಇಲ್ಲದೆ ಬೋಳು ಬುಡ ಮಾತ್ರ ಉಳಿದಿರುವ ಕಾರುಗಳೂ ಬೇಕಾದಷ್ಟಿವೆ.

ನಿಮ್ಮ ಕಾರಿನ ಆಂಟೆನಾ ಹಿಂದಿನ ಗಾಜಿನೊಳಗೆ ಗೆರೆಯಾಗಿ ಇದ್ದರೆ, ಆ ಗಾಜಿಗೆ ಲೋಹದ ಅಂಶವಿರುವ ಸನ್ ಫಿಲ್ಮ್ ಅಂಟಿಸಿದ್ದಾರಾ ನೋಡಿ. ಫಿಲ್ಮ್ ಹಾಕಿಸಿದ ದಿನದಿಂದ ರೇಡಿಯೋ ಕೆಟ್ಟಿತು ಎಂದರೆ ಬೇರೆ ಕಾರಣ ಹುಡುಕಬೇಡಿ.

ಏರಿಯಾ ಸರಿಯಿದ್ದೂ ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಶುರುವಾದ ತೊಂದರೆಗೆ ಸಾಮಾನ್ಯವಾಗಿ ವೈರಿಂಗ್ ಕಾರಣ. ಇದನ್ನು ತಿಳಿದುಕೊಂಡರೆ ಅಂಗಡಿಯವರ ಜೊತೆ ಮಾತಾಡಲು ಧೈರ್ಯ ಬರುತ್ತದೆ. ಹೊರಗಡೆ ಕೊಂಡ ಸೆಟ್ಟಿನ ಹಿಂದೆ ಸಾಮಾನ್ಯವಾಗಿ ಹಳದಿ ವೈರ್ ಸದಾ ಬ್ಯಾಟರಿ ಕರೆಂಟಿಗೆ, ಕೆಂಪು ಕೀ ಆನ್ ಆದಾಗ ಬರುವ ಕರೆಂಟಿಗೆ, ಕಪ್ಪು ಅರ್ಥಿಂಗ್‌ಗೆ. ನೆನಪಿನ ಶಕ್ತಿ ಹಳದಿಯದ್ದು. ಪ್ರತಿ ಸಲ ಕಾರು ಆಫ್ ಮಾಡಿದಾಗ ಸ್ಟೇಷನ್, ಗಡಿಯಾರ ಎಲ್ಲ ಅಳಿಸಿಹೋದರೆ ಹಳದಿ, ಕೆಂಪು ಅದಲುಬದಲಾಗಿವೆ ಅಥವಾ ಎರಡನ್ನೂ ಕೀಗೇ ಸೇರಿಸಿದ್ದಾರೆ. ಎರಡನ್ನೂ ಬ್ಯಾಟರಿಗೇ ಸೇರಿಸಿದ್ದರೆ ಸೆಟ್ ಕೀ ತೆಗೆದರೂ ಆಫ್ ಆಗದೆ ಬ್ಯಾಟರಿ ತಿನ್ನುತ್ತದೆ.

ಇನ್ನು ನೀಲಿ ವೈರ್. ಚಿಕ್ಕ ಕಡ್ಡಿ ಅಥವಾ ಗಾಜಿನ ಆಂಟೆನಾ ಇರುವ ಬಹಳಷ್ಟು ಕಾರುಗಳಲ್ಲಿ ಆಂಟೆನಾ ಜೊತೆ ಒಂದು ಪುಟ್ಟ ಬೂಸ್ಟರ್ ಇರುತ್ತದೆ. ಅದಕ್ಕೆ ಕರೆಂಟ್ ಕೊಡಬೇಕಾದದ್ದು ಸ್ಟೀರಿಯೋದ ನೀಲಿ ವೈರ್. ಅದನ್ನು ಜೋಡಿಸದೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಸಿಗ್ನಲ್ ಜೋರಾಗಿರುವುದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಆನಗೋಡು, ಭರಮಸಾಗರದ ಹತ್ತಿರ ಬಂದಾಗ ಗೊತ್ತಾಗುತ್ತದೆ. “ಅಣ್ಣಾ, ಆಂಟೆನಾ ಬೂಸ್ಟರ್‌ಗೆ ನೀಲಿ ವೈರ್ ಕೊಟ್ಟಿದೀರಾ?” ಎಂದು ಕೇಳಿ. ಆ ಒಂದು ಪ್ರಶ್ನೆಗೆ ಅರ್ಧ ಕೆಲಸ ಮುಗಿಯುತ್ತದೆ. ಜೊತೆಗೆ, ಕಂಪನಿಯ ವೈರ್ ಕತ್ತರಿಸದೆ ನಿಮ್ಮ ಕಾರಿನ ಕಪ್ಲರ್ (ಕಂಪನಿಯ ಪ್ಲಗ್ಗಿಗೆ ನೇರ ಕೂರುವ ಜೋಡಣೆ) ಹಾಕಿಯೇ ಜೋಡಿಸಲು ಹೇಳಿ. ವೈರ್ ಕತ್ತರಿಸಿದರೆ ವಾರಂಟಿ ಕೇಳುವಾಗ ತಕರಾರು ಬರುತ್ತದೆ.

ಹಂತ 7: ಫೋನ್ ಮತ್ತು ಪೆನ್ ಡ್ರೈವ್

ಬ್ಲೂಟೂತ್ ಜೋಡಣೆ ನಿಮಗೆ ಗೊತ್ತೇ ಇರುತ್ತದೆ. ಹಳೇ ಸೆಟ್ ಪಿನ್ ಕೇಳಿದರೆ 0000 ಅಥವಾ 1234 ಹಾಕಿ ನೋಡಿ.

ಆಂಡ್ರಾಯ್ಡ್ ಆಟೋ, ಆಪಲ್ ಕಾರ್‌ಪ್ಲೇ ಎಂದರೆ ಫೋನಿನ ಮ್ಯಾಪ್, ಹಾಡು, ಕರೆಗಳನ್ನು ಕಾರಿನ ಸ್ಕ್ರೀನಿಗೆ ತರುವ ವ್ಯವಸ್ಥೆ. ಆಂಡ್ರಾಯ್ಡ್ 10 ಮತ್ತು ನಂತರದ ಫೋನ್‌ಗಳಲ್ಲಿ ಆಂಡ್ರಾಯ್ಡ್ ಆಟೋ ಒಳಗೇ ಇರುತ್ತದೆ. “ಫೋನ್ ಚಾರ್ಜ್ ಆಗುತ್ತೆ, ಸ್ಕ್ರೀನಿಗೆ ಬರಲ್ಲ” ಎನ್ನುವವರದ್ದು ಸಾಮಾನ್ಯವಾಗಿ ಕೇಬಲ್ ಸಮಸ್ಯೆ. ಬಸ್ ಸ್ಟ್ಯಾಂಡ್ ಹತ್ತಿರ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಕರೆಂಟ್ ಮಾತ್ರ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಕಾರಿನಲ್ಲೂ ಎರಡು ಸಾಕೆಟ್ ಇದ್ದರೆ ಒಂದು ಬರೀ ಚಾರ್ಜಿಂಗ್‌ಗೆ ಇರಬಹುದು. ಫೋನ್ ಅಥವಾ ಹಾಡಿನ ಗುರುತು ಇರುವ ಸಾಕೆಟ್ಟಿಗೇ ಹಾಕಿ.

ಗೂಗಲ್ ಮ್ಯಾಪ್‌ಗೆ ಕನ್ನಡದಲ್ಲಿ ದಾರಿ ಹೇಳಲು ಬರುತ್ತದೆ, ದನಿಯ ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಿ. ಹಳ್ಳಿ ರಸ್ತೆಗಳಲ್ಲಿ ನೆಟ್‌ವರ್ಕ್ ಕೈಕೊಡುವುದರಿಂದ ಹೊರಡುವ ಮೊದಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ರೇಡಿಯೋ ಸಿಗದ ಕಡೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಿಂದ ಆಕಾಶವಾಣಿ ಕೇಳಬಹುದು, ಡೇಟಾ ಇದ್ದರೆ.

ಪೆನ್ ಡ್ರೈವ್ ಓದುತ್ತಿಲ್ಲವೆಂದರೆ ಕಂಪ್ಯೂಟರಿನಲ್ಲಿ ಎಫ್‌ಎಟಿ32 ಪದ್ಧತಿಗೆ ಫಾರ್ಮ್ಯಾಟ್ ಮಾಡಿಸಿ ಎಂಪಿ3 ಹಾಡುಗಳನ್ನು ಹಾಕಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸುತ್ತದೆ, ಮೊದಲು ಬೇರೆ ಕಡೆ ಉಳಿಸಿಕೊಳ್ಳಿ.

ಹೊರಗಿನ ಸ್ಟೀರಿಯೋ ಹಾಕುವವರು “ಓಡ್ತಾ ಇರುವಾಗಲೂ ವಿಡಿಯೋ ಬರೋ ಹಾಗೆ ಮಾಡಿಕೊಡ್ತೀವಿ” ಎನ್ನುತ್ತಾರೆ. ಹ್ಯಾಂಡ್ ಬ್ರೇಕ್ ಹಾಕಿದೆಯೋ ಇಲ್ಲವೋ ತಿಳಿಸುವ ವೈರನ್ನು ಅರ್ಥಿಂಗ್‌ಗೆ ಕೊಟ್ಟು ಸೆಟ್ಟಿಗೆ ಮೋಸ ಮಾಡುವುದು ಅವರ ಉಪಾಯ. ಬೇಡ ಎನ್ನಿ. ಎನ್‌ಎಚ್ 48ರಲ್ಲಿ ಲಾರಿ ಹಿಂದೆ ಹೋಗುತ್ತಾ ನೋಡುವಂಥ ವಿಡಿಯೋ ಯಾವುದೂ ಇಲ್ಲ. ಫೋನ್ ಕೈಯಲ್ಲಿ ಹಿಡಿದು ಬಳಸುತ್ತಾ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆಗೆ ಸೇರುತ್ತದೆ. ಓಡುವಾಗ ಸ್ಟೀರಿಂಗ್ ಮೇಲಿನ ಬಟನ್ ಸಾಕು.

ಹಂತ 8: ಟ್ರಿಪ್, ಮೈಲೇಜು, ರೇಂಜ್

ಈಗ ಮೀಟರ್ ಬೋರ್ಡಿಗೆ ಬರೋಣ. ಟ್ರಿಪ್ ‘ಎ’ ಮತ್ತು ‘ಬಿ’ ಎರಡು ಬೇರೆ ಬೇರೆ ಲೆಕ್ಕದ ಪುಸ್ತಕ. ಒಂದನ್ನು ಟ್ಯಾಂಕಿನ ಲೆಕ್ಕಕ್ಕೆ, ಇನ್ನೊಂದನ್ನು ಪ್ರವಾಸಕ್ಕೆ ಇಟ್ಟುಕೊಳ್ಳಿ. ಸೊನ್ನೆ ಮಾಡಲು ಆ ಟ್ರಿಪ್ ತೋರಿಸುತ್ತಿರುವಾಗ ಬಟನ್ ಒತ್ತಿ ಹಿಡಿಯಿರಿ.

ಡಿಸ್‌ಪ್ಲೇ ತೋರಿಸುವ ಸರಾಸರಿ ಮೈಲೇಜು ಕಂಪ್ಯೂಟರಿನ ಅಂದಾಜು. ನಿಜವಾದದ್ದು ಬೇಕಾದರೆ ಹಳೇ ವಿಧಾನವೇ ಸರಿ. ಬಂಕಿನಲ್ಲಿ ಆಟೋ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ‘ಎ’ ಸೊನ್ನೆ ಮಾಡಿ. ಮುಂದಿನ ಸಲ ಆದಷ್ಟು ಅದೇ ಬಂಕಿನಲ್ಲಿ ಮತ್ತೆ ಆಟೋ ಕಟ್‌ವರೆಗೆ ತುಂಬಿಸಿ. ಟ್ರಿಪ್ 646 ಕಿಲೋಮೀಟರ್ ತೋರಿಸಿ 38 ಲೀಟರ್ ಹಿಡಿಸಿದರೆ, 646 ಭಾಗಿಸು 38, ಅಂದರೆ ಲೀಟರಿಗೆ 17.

“ಹೊಸ ಕಾರು 6 ಮೈಲೇಜು ತೋರಿಸ್ತಿದೆ” ಎಂದು ಹೌಹಾರಿದವರಿಗೆ: ಆ 6ರ ಪಕ್ಕ ಏನು ಬರೆದಿದೆ ನೋಡಿ. 100 ಕಿಲೋಮೀಟರಿಗೆ 6 ಲೀಟರ್ ಎಂದಿದ್ದರೆ ಅದು ಲೀಟರಿಗೆ 16.7 ಕಿಲೋಮೀಟರ್. ಸೆಟ್ಟಿಂಗ್‌ನಲ್ಲಿ ಯೂನಿಟ್ ಬದಲಿಸಬಹುದು.

ರೇಂಜ್ ಎಂದರೆ ಟ್ಯಾಂಕಿನಲ್ಲಿ ಉಳಿದ ಇಂಧನಕ್ಕೆ ಇನ್ನೆಷ್ಟು ದೂರ ಹೋಗಬಹುದು ಎಂಬ ಲೆಕ್ಕ. ಅದು ನೀವು ಇತ್ತೀಚೆಗೆ ಓಡಿಸಿದ ರೀತಿಯ ಮೇಲೆ ನಿಂತಿದೆ. ಹೆದ್ದಾರಿಯಲ್ಲಿ ಸಮನಾಗಿ ಬಂದು ದಾವಣಗೆರೆ ಪಿ.ಬಿ. ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕರೆ ರೇಂಜ್ ಸರಸರ ಇಳಿಯುತ್ತದೆ. ಟ್ಯಾಂಕ್ ಸೋರುತ್ತಿಲ್ಲ, ಲೆಕ್ಕ ಬದಲಾಗುತ್ತಿದೆ ಅಷ್ಟೇ. ರೇಂಜ್ 40 ಇದೆ ಎಂದು ನಂಬಿ ರಾತ್ರಿ ಹೊತ್ತು ದುರ್ಗ ಬಿಡಬೇಡಿ. ಎಲೆಕ್ಟ್ರಿಕ್ ಕಾರಿನವರು ಇನ್ನೂ ಹುಷಾರಾಗಿರಬೇಕು. ವೇಗ ಹೆಚ್ಚಿದಷ್ಟೂ, ಎದುರುಗಾಳಿ ಇದ್ದಷ್ಟೂ ರೇಂಜ್ ಬೇಗ ಕರಗುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಸುಮ್ನೆ ಅಲ್ಲ ಅಲ್ವಾ.

ಹಂತ 9: ದೀಪಗಳ ಭಾಷೆ

ಕೆಂಪು ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಳದಿ ಬಂದರೆ ಆದಷ್ಟು ಬೇಗ ಮೆಕ್ಯಾನಿಕ್‌ಗೆ ತೋರಿಸಿ. ಹಸಿರು, ನೀಲಿ ಬರೀ ಮಾಹಿತಿ, ನೀಲಿ ಎಂದರೆ ಸಾಮಾನ್ಯವಾಗಿ ಹೈ ಬೀಮ್ ಉರಿಯುತ್ತಿದೆ.

ಕೆಂಪಿನಲ್ಲಿ ಎಣ್ಣೆ ಡಬ್ಬಿ ಗುರುತು ಅತ್ಯಂತ ಗಂಭೀರ. ಎಂಜಿನ್ ಆಯಿಲ್ ಒತ್ತಡ ಇಲ್ಲ ಎಂದರ್ಥ. “ಇನ್ನೇನು ಸಿರಾ ಬಂತು” ಎಂದು ಮುಂದೆ ಹೋದರೆ ಎಂಜಿನ್ ಜಾಮ್. ಬದಿಗೆ ನಿಲ್ಲಿಸಿ ಆಫ್ ಮಾಡಿ, ಟೋ ಮಾಡಿಸಿ. ನೀರಿನಲ್ಲಿ ಥರ್ಮಾಮೀಟರ್ ಇಟ್ಟಂತಿರುವ ಗುರುತು ಎಂಜಿನ್ ಕಾದಿದೆ ಎಂದು ಹೇಳುತ್ತದೆ. ನಿಲ್ಲಿಸಿ, ತಣ್ಣಗಾಗಲು ಬಿಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿ ಗುರುತು ಬಂದರೆ ಚಾರ್ಜಿಂಗ್ ನಿಂತಿದೆ. ಎಸಿ, ರೇಡಿಯೋ ಆಫ್ ಮಾಡಿ ಹತ್ತಿರದ ಗ್ಯಾರೇಜ್ ಸೇರಿ. ಅದರ ಜೊತೆ ಕಾದ ಗುರುತೂ ಬಂದರೆ ಬೆಲ್ಟ್ ಹರಿದಿರಬಹುದು, ಆಗ ಮುಂದೆ ಹೋಗಬೇಡಿ.

ಹಳದಿ ಎಂಜಿನ್ ಗುರುತು ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗುತ್ತಿದ್ದರೆ ಎಂಜಿನ್ ಇಂಧನವನ್ನು ಸರಿಯಾಗಿ ಉರಿಸುತ್ತಿಲ್ಲ. ಹಾಗೇ ಓಡಿಸಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರು ಇಟ್ಟುಕೊಂಡು ಬರೀ ಊರೊಳಗೆ ಓಡಿಸುವವರಿಗೆ ಡಿಪಿಎಫ್ ದೀಪ ಬರುತ್ತದೆ. ಸೈಲೆನ್ಸರ್ ದಾರಿಯಲ್ಲಿರುವ ಮಸಿ ಜಾಲರಿ ಕಟ್ಟಿಕೊಳ್ಳುತ್ತಿದೆ ಎಂದು ಅರ್ಥ. ಮ್ಯಾನುಯಲ್ ಹೇಳಿದ ವೇಗದಲ್ಲಿ ಹೆದ್ದಾರಿಯಲ್ಲಿ ನಿಲ್ಲಿಸದೆ ಒಂದು ಸುತ್ತು ಹೋಗಿ ಬಂದರೆ ಅದು ತಾನೇ ಸುಟ್ಟು ಶುದ್ಧವಾಗುತ್ತದೆ. ದೀಪ ಆರುವ ಮೊದಲೇ ಎಂಜಿನ್ ಆಫ್ ಮಾಡಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಒಂದು ಕೆಲಸ ಮಾಡಿ. ಕೀ ಆನ್ ಮಾಡಿದ ಕ್ಷಣ ಏರ್‌ಬ್ಯಾಗ್, ಎಬಿಎಸ್, ಎಂಜಿನ್ ದೀಪಗಳು ಒಮ್ಮೆ ಬರಬೇಕು, ಎಲ್ಲ ಸರಿಯಿದ್ದರೆ ಆಮೇಲೆ ಆರಬೇಕು. ಏರ್‌ಬ್ಯಾಗ್ ದೀಪ ಬರುವುದೇ ಇಲ್ಲವೆಂದರೆ ದೋಷ ಮುಚ್ಚಲು ಯಾರೋ ಕೈಯಾಡಿಸಿರಬಹುದು. ಕೆಎ–16 ಇರಲಿ, ಕೆಎ–17 ಇರಲಿ, ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿಸದೆ ಮುಂಗಡ ಕೊಡಬೇಡಿ.

ಹಂತ 10: ಬೆಳಕು ಮತ್ತು ಬೀಪ್

ಹಗಲಲ್ಲಿ ಡಿಸ್‌ಪ್ಲೇ ಮಂಕಾಗಿದೆಯೇ? ಹೆಡ್‌ಲೈಟ್ ಆನ್ ಉಳಿದಿದೆಯಾ ನೋಡಿ. ಲೈಟ್ ಹಾಕಿದರೆ ರಾತ್ರಿ ಅಂದುಕೊಂಡು ಕಾರು ಡಿಸ್‌ಪ್ಲೇ ಬೆಳಕು ಇಳಿಸುತ್ತದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೂ ಕೆಲವು ಸ್ಕ್ರೀನ್ ಕಪ್ಪಾಗಿ ಕಾಣುತ್ತವೆ, ಕನ್ನಡಕ ತೆಗೆದು ನೋಡಿ. ಒರೆಸಲು ಒಣ ಮೆತ್ತನೆಯ ಬಟ್ಟೆ ಸಾಕು. ಸ್ಯಾನಿಟೈಸರ್, ಡ್ಯಾಶ್‌ಬೋರ್ಡ್ ಪಾಲಿಶ್ ಬಳಿದರೆ ಸ್ಕ್ರೀನಿನ ಲೇಪನ ಹೋಗುತ್ತದೆ.

2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ 80 ಕಿಲೋಮೀಟರ್ ದಾಟಿದರೆ ಬಿಟ್ಟು ಬಿಟ್ಟು, 120 ದಾಟಿದರೆ ನಿಲ್ಲದೆ ಬೀಪ್ ಬರುತ್ತದೆ. ಅದು ನಿಯಮ, ದೋಷವಲ್ಲ. ಬಂದ್ ಮಾಡಿಕೊಡುತ್ತೇವೆ ಎನ್ನುವವರಿಗೆ ಕಾರು ಕೊಡಬೇಡಿ.

ಬ್ಯಾಟರಿ ಬದಲಿಸುವಾಗ, ಕಾರು ಮಾರುವಾಗ

ಕೆಲವು ಕಂಪನಿಗಳ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ರೇಡಿಯೋ ‘ಕೋಡ್’ ಅಥವಾ ‘ಸೇಫ್’ ಎಂದು ತೋರಿಸಿ ಮುಷ್ಕರ ಹೂಡುತ್ತದೆ. ಕದ್ದ ಸೆಟ್ ಬೇರೆ ಕಾರಿನಲ್ಲಿ ಕೆಲಸ ಮಾಡಬಾರದೆಂದು ಮಾಡಿದ ಏರ್ಪಾಡು. ಕೋಡ್ ಮ್ಯಾನುಯಲ್ ಜೊತೆಗಿನ ಕಾರ್ಡಿನಲ್ಲಿ ಇರುತ್ತದೆ. ಬ್ಯಾಟರಿ ಅಂಗಡಿಗೆ ಹೋಗುವ ಮೊದಲು ಅದನ್ನು ಹುಡುಕಿ ಫೋಟೋ ತೆಗೆದುಕೊಳ್ಳಿ. ಊಹಿಸಿ ಹಾಕುತ್ತಾ ಹೋದರೆ ಸೆಟ್ ಲಾಕ್ ಆಗುತ್ತದೆ. ಕೆಲವು ಸೆಟ್‌ಗಳು ಒಂದು ಗಂಟೆ ಆನ್ ಇಟ್ಟರೆ ಮಾತ್ರ ಮತ್ತೆ ಅವಕಾಶ ಕೊಡುತ್ತವೆ. ಕಾರ್ಡ್ ಸಿಗದಿದ್ದರೆ ಆರ್‌ಸಿ ಮತ್ತು ಸೆಟ್ಟಿನ ಸೀರಿಯಲ್ ನಂಬರ್ ಹಿಡಿದು ಶೋರೂಮಿಗೆ ಹೋಗಿ.

ಮಾರುವ ದಿನ ಕಾರು ತೊಳೆಸುವುದು ಎಲ್ಲರಿಗೂ ನೆನಪಿರುತ್ತದೆ, ಫೋನ್ ಅಳಿಸುವುದು ನೆನಪಿರುವುದಿಲ್ಲ. ನಿಮ್ಮ ಕಾಂಟ್ಯಾಕ್ಟ್‌ಗಳು, ಕರೆ ಪಟ್ಟಿ, ಮ್ಯಾಪಿನಲ್ಲಿರುವ ಮನೆ ವಿಳಾಸ ಸ್ಟೀರಿಯೋದಲ್ಲೇ ಉಳಿದಿರಬಹುದು. ಸೆಟ್ಟಿಂಗ್‌ನಲ್ಲಿ ‘ಫ್ಯಾಕ್ಟರಿ ರೀಸೆಟ್’ ಕೊಡಿ. ಕಂಪನಿಯ ಆ್ಯಪ್‌ನಿಂದ ಕಾರು ಲಾಕ್ ಮಾಡುವ, ಎಲ್ಲಿದೆ ನೋಡುವ ಸೌಲಭ್ಯವಿದ್ದರೆ ಆ ಖಾತೆಯಿಂದಲೂ ಕಾರನ್ನು ತೆಗೆಯಿರಿ. ಕೊಂಡವರು ಕೂಡ ಹಳೇ ಮಾಲೀಕರು ಇದನ್ನೆಲ್ಲ ಮಾಡಿದ್ದಾರೆಂದು ನಂಬಿ ಕೂರದೆ ತಾವೇ ಒಮ್ಮೆ ರೀಸೆಟ್ ಮಾಡಬೇಕು. ರೀಸೆಟ್ ಆದ ಮೇಲೆ ಏರಿಯಾ ಸೆಟ್ಟಿಂಗ್ ಮೊದಲಿನಂತಾಗಿರುತ್ತದೆ, ಮತ್ತೆ ಎರಡನೇ ಹಂತದಿಂದ ಶುರು ಮಾಡಿ.